ಎರಡು ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ವರದಕ್ಷಿಣೆ ಕಿರುಕುಳದ ದೂರು ಬರೆಸುವಾಗ ಠಾಣೆಯಲ್ಲಿ ಕೇಳುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠವಾಗಿವೆ. ಮದುವೆಗೆ ಎಷ್ಟು ಕೊಟ್ಟಿರಿ, ಬಂಗಾರ ಎಷ್ಟು, ಬೈಕು ಯಾರ ಹೆಸರಿನಲ್ಲಿದೆ, ಮೊದಲು ಕೈ ಎತ್ತಿದ್ದು ಯಾವಾಗ. ಈ ಕೊನೆಯ ಪ್ರಶ್ನೆಗೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಉತ್ತರ ಒಂದಿದೆ. "ಮಗು ಕತ್ತು ನಿಲ್ಲಿಸ್ಲಿಲ್ಲ ನೋಡಕ್ಕ, ಅವತ್ತಿಂದ ಶುರುವಾತು." ಎಂಟು ತಿಂಗಳಾದರೂ ಕತ್ತು ನಿಲ್ಲದ ಮಗು, ಮೂರು ವರ್ಷವಾದರೂ ಮಾತು ಬಾರದ ಮಗು, ದಿನಕ್ಕೆರಡು ಸಲ ಫಿಟ್ಸ್ ಬರುವ ಮಗು. ದೂರಿನಲ್ಲಿ ಈ ಮಗು ಬರುವುದಿಲ್ಲ. ಬರೆದುಕೊಳ್ಳುವವರಿಗೆ ಅದು ಸಂಬಂಧವಿಲ್ಲದ ವಿಷಯ. ಹೇಳುವವಳಿಗೆ ನಾಚಿಕೆ.

ನನಗೂ ಅಂಥ ಮಗಳಿದ್ದಾಳೆ. ಸೆರೆಬ್ರಲ್ ಪಾಲ್ಸಿ. ಈಗ ಅವಳಿಗೆ 19 ವರ್ಷ. ಆದ್ದರಿಂದ ಈ ವಿಷಯದಲ್ಲಿ ನಾನು ಪಕ್ಷಪಾತಿ ಎಂದು ಓದುಗ ಗೆಳತಿಯರು ಮೊದಲೇ ತಿಳಿದುಕೊಳ್ಳಬಹುದು. ತಿಂಗಳಿಗೊಮ್ಮೆ ಸೇರುವ ಹತ್ತು ಹನ್ನೆರಡು ತಾಯಂದಿರ ಗುಂಪಿನಲ್ಲಿ ನಾನೂ ಒಬ್ಬಳು. ನಮ್ಮ ಗುಂಪಿಗೆ ಹೆಸರಿಲ್ಲ, ನೋಂದಣಿಯಿಲ್ಲ, ಉಳಿತಾಯದ ಪುಸ್ತಕವಿಲ್ಲ, ಸಾಲ ಕೊಡುವುದಿಲ್ಲ. ಹಾಗಾದರೆ ಸೇರಿ ಏನು ಮಾಡುತ್ತೀರಿ ಎಂದು ಕೇಳುವವರೇ ಹೆಚ್ಚು. ಮಾತಾಡುತ್ತೇವೆ. ಈ ಮಾತಾಡುವ ಕೆಲಸವನ್ನು ಮಹಿಳಾ ಸಂಘಟನೆಗಳು ಕೌಟುಂಬಿಕ ಹಿಂಸೆಯ ವಿರುದ್ಧದ ಕೆಲಸವೆಂದೇ ಎಣಿಸಬೇಕು ಎಂಬುದು ನನ್ನ ವಾದ.

ಎರಡು ಅಂಕಿ ನೋಡಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಮದುವೆಯಾದ, 18ರಿಂದ 49ರೊಳಗಿನ ಹೆಂಗಸರಲ್ಲಿ ಶೇಕಡ 44 ಮಂದಿ ಗಂಡನ ಹಿಂಸೆ ಅನುಭವಿಸಿದವರು. ದೇಶದಲ್ಲೇ ಅತಿ ಹೆಚ್ಚು. ಒಂದು ಅಂಕಿ ಒಂದು ಇಲಾಖೆಯ ಕಡತದಲ್ಲಿದೆ, ಇನ್ನೊಂದು ಇನ್ನೊಂದರಲ್ಲಿ. ಎರಡೂ ಒಂದೇ ಮನೆಯ ಒಂದೇ ಅಡುಗೆಕೋಣೆಯಲ್ಲಿ ಕೂಡಿರುವುದನ್ನು ನೋಡಿದವರು ಮಾತ್ರ ಎರಡನ್ನೂ ಒಟ್ಟಿಗೆ ಇಟ್ಟಾರು.

ಹೆಣ್ಣು ಹೆರದಿದ್ದರೆ ಬಂಜೆ, ಹೆಣ್ಣನ್ನೇ ಹೆತ್ತರೆ ದರಿದ್ರ, ಇಂಥ ಮಗು ಹೆತ್ತರೆ ಪಾಪಿ. ಗ್ರಹಣದಲ್ಲಿ ಹೊರಗೆ ಬಂದಳು, ಹರಕೆ ಮರೆತಳು, ಗರ್ಭದಲ್ಲಿದ್ದಾಗ ಮಾತು ಕೇಳಲಿಲ್ಲ. ಕಾರಣ ಯಾವುದಾದರೂ ಇರಲಿ, ಕರ್ತೃ ಮಾತ್ರ ಅವಳೇ. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಇನ್ನೂ ನಿಂತಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಅಡಗಿರುವ ಸಂಭವ ಹೆಚ್ಚು; ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅದರಲ್ಲಿ ಅರ್ಧ ಅಪ್ಪನದು. ಈ ಅರ್ಧದ ಲೆಕ್ಕವನ್ನು ಯಾವ ಅತ್ತೆಗೂ ಯಾವ ಡಾಕ್ಟರೂ ಬಿಡಿಸಿ ಹೇಳಿದ್ದನ್ನು ನಾನು ಕಂಡಿಲ್ಲ. ಎಲ್ಲ ತೊಂದರೆಯೂ ಸಂಬಂಧದ ಮದುವೆಯಿಂದಲೇ ಬರುವುದೂ ಅಲ್ಲ. ಡೌನ್ ಸಿಂಡ್ರೋಮ್‌ಗೆ ಕಾರಣ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುವುದು ಎಂದು 1959ರಲ್ಲೇ ಗೊತ್ತಾಗಿದೆ. ಸೆರೆಬ್ರಲ್ ಪಾಲ್ಸಿಗೆ ದಿನ ತುಂಬದ ಹೆರಿಗೆ, ಹೆರಿಗೆಯಲ್ಲಿ ಉಸಿರು ಕಟ್ಟುವುದು, ಹುಟ್ಟಿದ ವಾರದಲ್ಲಿ ಏರುವ ಕಾಮಾಲೆ ಹೀಗೆ ಹಲವು ಕಾರಣಗಳು. ದಿನ ತುಂಬದೆ ಹೆರಿಗೆ ಏಕಾಗುತ್ತದೆ ಎಂದು ಕೇಳಿದರೆ ಅದಕ್ಕಿರುವ ಉತ್ತರಗಳಲ್ಲಿ ಒಂದು, ಬಸುರಿಯ ಹೊಟ್ಟೆಗೆ ಬಿದ್ದ ಒದೆ. ಒದ್ದವನೇ ನಂತರ "ನಿನ್ನ ಹೊಟ್ಟೆ ಸರಿಯಿಲ್ಲ" ಎನ್ನುವುದನ್ನು ನಮ್ಮ ಗುಂಪಿನ ಒಬ್ಬಳು ಎಂಟು ವರ್ಷ ಕೇಳಿದ್ದಾಳೆ.

ಇದು ಹಳ್ಳಿಯ ಮೂಢನಂಬಿಕೆ ಎಂದು ಪಟ್ಟಣದವರು ನಗುವುದು ಬೇಡ. ಅಮೆರಿಕದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ದೊಡ್ಡ ತಜ್ಞರು, ತಾಯಿ ಫ್ರಿಜ್ಜಿನಂತೆ ತಣ್ಣಗಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಎಂದು ನಂಬಿದ್ದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದ. ಅದನ್ನು ಒಡೆದವರು ಯಾರು? ಆಟಿಸಂ ಇದ್ದ ಹುಡುಗನ ಅಪ್ಪ, ಮನಶ್ಶಾಸ್ತ್ರ ಬಲ್ಲ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದಕ್ಕೆ ವಿರುದ್ಧವಾಗಿ ಬರೆದಿದ್ದ. ಮರುವರ್ಷ ತಂದೆತಾಯಂದಿರು ಸೇರಿ ಸಂಘ ಕಟ್ಟಿದರು. ಕೋಟು ತೊಟ್ಟ ವಿಜ್ಞಾನ ಹೊರಿಸಿದ ಅಪವಾದವನ್ನು ಇಳಿಸಲಿಕ್ಕೂ ಹೆತ್ತವರೇ ಒಟ್ಟು ಕೂರಬೇಕಾಯಿತು.

ಕಾನೂನಿನಲ್ಲಿ ಒಂದು ಸಾಲಿದೆ, ನಮ್ಮ ವಕೀಲ ಗೆಳತಿಯರು ಗಮನಿಸಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 3ನೇ ಕಲಮು ಮಾತಿನ ಹಿಂಸೆಯನ್ನು ವಿವರಿಸುವಾಗ, ಮಗುವಿಲ್ಲವೆಂದು ಅಥವಾ ಗಂಡುಮಗುವಿಲ್ಲವೆಂದು ಹೀಯಾಳಿಸುವುದನ್ನು ವಿಶೇಷವಾಗಿ ಹೆಸರಿಸುತ್ತದೆ. ಇದು ಮಹಿಳಾ ಚಳವಳಿಯ ಗೆಲುವು. ಅಂಗವಿಕಲ ಮಗು ಹೆತ್ತಳೆಂದು ಹೀಯಾಳಿಸುವುದು ಅಲ್ಲಿ ಹೆಸರು ಹಿಡಿದು ಬಂದಿಲ್ಲ. ಹಾಗೆಂದು ಕಾಯಿದೆಯ ಹೊರಗೂ ಉಳಿದಿಲ್ಲ; ಅವಮಾನ, ಅಪಹಾಸ್ಯ, ಹೆಸರಿಟ್ಟು ಕರೆಯುವುದು ಎಲ್ಲವೂ ಅಲ್ಲಿದೆ. ಆದರೆ ಅರ್ಜಿಯಲ್ಲಿ ನಾವು ಬರೆಯದಿದ್ದರೆ ಮ್ಯಾಜಿಸ್ಟ್ರೇಟರಿಗೆ ಕನಸು ಬೀಳುವುದಿಲ್ಲ. "ಕುಂಟಿ ತಾಯಿ", "ಹುಚ್ಚನ ಅವ್ವ" ಎಂದು ಕರೆದದ್ದನ್ನು ಅದೇ ಶಬ್ದಗಳಲ್ಲಿ, ಯಾರ ಮುಂದೆ ಕರೆದರು ಎಂಬುದರ ಸಮೇತ ಬರೆಯಬೇಕು.

ಮಾತಿನ ಹಿಂದೆ ದುಡ್ಡು ಬರುತ್ತದೆ. ಮೊಳಕಾಲ್ಮುರಿನಿಂದ ದೊಡ್ಡಾಸ್ಪತ್ರೆಗೆಂದರೆ ಬಳ್ಳಾರಿ, ಚಳ್ಳಕೆರೆಯಿಂದಾದರೆ ಚಿತ್ರದುರ್ಗ, ದಾವಣಗೆರೆ. ಅಲ್ಲಿಂದ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರೆ ಬೆಂಗಳೂರು. ಸ್ಕ್ಯಾನು, ಮಾತ್ರೆ, ಕಾಲಿಗೆ ಕಟ್ಟುವ ಪಟ್ಟಿ, ನಾಟಿ ವೈದ್ಯ, ದೇವರ ಖರ್ಚು. "ನಿಮ್ಮ ಮಗಳು ಹೆತ್ತದ್ದು, ನೀವೇ ತೋರಿಸ್ರಿ" ಎಂದು ತವರಿಗೆ ಕಳಿಸುತ್ತಾರೆ. ಒಂದು ಸಲ ಐದು ಸಾವಿರ, ಇನ್ನೊಂದು ಸಲ ಕುರಿ ಮಾರಿದ ದುಡ್ಡು, ಮತ್ತೊಂದು ಸಲ ಕಿವಿಯೋಲೆ. ಇದು ವರದಕ್ಷಿಣೆಯೇ ಅಲ್ಲವೇ ಎಂಬ ಪ್ರಶ್ನೆ ನಮ್ಮ ಗುಂಪಿನಲ್ಲಿ ಬಂದಾಗ ಮೊದಮೊದಲು ಹೆಚ್ಚಿನವರು ಅಲ್ಲ ಎಂದರು. ಮಗುವಿನ ಔಷಧಿಗೆ ತಾನೇ ಎಂದರು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿ ಬಂದದ್ದು. ಮದುವೆಯ ಮೊದಲು, ಮದುವೆಯಲ್ಲಿ, ಆಮೇಲೆ ಯಾವಾಗಲೇ ಆಗಲಿ ಮದುವೆಗೆ ಸಂಬಂಧಿಸಿ ಕೊಟ್ಟದ್ದೆಲ್ಲ ಅದರೊಳಗೆ ಬರುತ್ತದೆ. 2007ರಲ್ಲಿ ಅಪ್ಪಾಸಾಹೇಬ್ ಎಂಬುವರ ಪ್ರಕರಣದಲ್ಲಿ, ಮನೆಖರ್ಚಿಗೆ ಗೊಬ್ಬರಕ್ಕೆ ಕೇಳಿದ ಹಣ ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. 2022ರಲ್ಲಿ ಜೋಗೇಂದ್ರ ಪ್ರಕರಣದಲ್ಲಿ ಅದೇ ಕೋರ್ಟು ಮನೆ ಕಟ್ಟಲು ತವರಿನಿಂದ ತರಿಸಿದ ಹಣವೂ ವರದಕ್ಷಿಣೆಯೇ, ಆ ಶಬ್ದವನ್ನು ವಿಶಾಲವಾಗಿ ಓದಬೇಕು ಎಂದಿತು. ಹಿಂದೆ 498ಎ ಎನ್ನುತ್ತಿದ್ದೆವಲ್ಲ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿರುವುದು, ಅದು ಇನ್ನೂ ಅಗಲ: ಕಾನೂನಿಗೆ ವಿರುದ್ಧವಾದ ಯಾವುದೇ ಹಣದ ಬೇಡಿಕೆಗಾಗಿ ಪೀಡಿಸುವುದು ಕ್ರೌರ್ಯ. ಮಗುವನ್ನು ಸಾಕುವ ಹೊಣೆ ಅಪ್ಪನದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ, ಅಂದರೆ ಹಳೆಯ 125ರಲ್ಲಿ, ದೇಹದ ಅಥವಾ ಬುದ್ಧಿಯ ನ್ಯೂನತೆಯಿಂದ ದುಡಿಯಲಾರದ ಮಗುವಿಗೆ 18 ದಾಟಿದ ಮೇಲೂ ಜೀವನಾಂಶ ಕೇಳಬಹುದು. ತನ್ನ ಹೊಣೆಯನ್ನು ಮಾವನ ಹೆಗಲಿಗೆ ಹಾಕುವವನನ್ನು ಪಾಪ ಬಡವ ಎನ್ನಲು ನನಗಂತೂ ಮನಸ್ಸು ಬಾರದು. ಅವನೇ ಎರಡು ವರ್ಷದಲ್ಲಿ ಇನ್ನೊಂದು ಮದುವೆಯಾಗಿ ಹೊಸ ಬೈಕು ತಂದಿರುತ್ತಾನೆ.

ಸಂಬಂಧದಲ್ಲಿ ಕೊಟ್ಟ ಹೆಣ್ಣಿಗೆ ಇನ್ನೊಂದು ಸಂಕಟ. ಸೋದರಮಾವನನ್ನೇ ಮದುವೆಯಾದವಳಿಗೆ ಅತ್ತೆಯೆಂದರೆ ತಾಯಿಯ ತಾಯಿ. ಬೈಯುವವಳೂ ಅಜ್ಜಿ, ಬಿಡಿಸಿಕೊಳ್ಳಲು ಬರಬೇಕಾದವಳೂ ಅಜ್ಜಿಯ ಮಗಳು. ಹೊಡೆತ ತಿಂದು ತವರಿಗೆ ಬಂದರೆ "ನನ್ನ ತಮ್ಮನ್ನ ಜೈಲಿಗೆ ಹಾಕ್ತೀಯಾ?" ಎಂದು ಹೆತ್ತ ತಾಯಿಯೇ ಕೇಳುತ್ತಾಳೆ. ಅವಳ ದುಃಖಕ್ಕೆ ನ್ಯಾಯ ಹೇಳುವ ಹೊರಗಿನವರು ಯಾರೂ ಉಳಿದಿಲ್ಲ. ನಮ್ಮಂಥ ಗುಂಪು ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ರಕ್ತ ಹಂಚಿಕೊಳ್ಳದ, ಅದೇ ಕಷ್ಟ ಹಂಚಿಕೊಂಡ ನಾಲ್ಕು ಜನ ಬೇಕು.

ಈಗ ಗುಂಪಿನ ಮಾತಿಗೆ ಬರುತ್ತೇನೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ನಮ್ಮ ಸಂಖ್ಯೆ ಬೆಳೆಯಿತು. ಬಸ್ಸು ಬಾರದ ಹಟ್ಟಿಗಳಿಂದ ಇವತ್ತಿಗೂ ಬರಲಾಗುವುದಿಲ್ಲ. ಹನ್ನೆರಡು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ಮೂರು ಮೈಲಿ ಯಾರು ನಡೆದಾರು? ಬಂದವರಲ್ಲಿ ಶೇಂಗಾ ಬಿಡಿಸುವವರು, ಉಣ್ಣೆ ನೂಲುವವರು, ಮೊಳಕಾಲ್ಮುರಿನಲ್ಲಿ ಮಗ್ಗಕ್ಕೆ ನೂಲು ಸುತ್ತಿಕೊಡುವವರು, ಒಬ್ಬ ಅಂಗನವಾಡಿ ಸಹಾಯಕಿ, ಒಬ್ಬ ಮೇಷ್ಟ್ರ ಹೆಂಡತಿ. ಕನ್ನಡ ತೆಲುಗು ಎರಡೂ ನಡೆಯುತ್ತವೆ. ಮೊದಲ ಅರ್ಧ ಗಂಟೆ ಬರೀ ಮಕ್ಕಳ ಉಚ್ಚೆ, ಹೇಲು, ಊಟದ ಮಾತು. ಹೊರಗಿನವರಿಗೆ ಅಸಹ್ಯವಾದೀತು. ನಮಗೆ ಅದೇ ವಿದ್ಯೆ. ನುಂಗಲು ಕಷ್ಟಪಡುವ ಮಗುವನ್ನು ಮಲಗಿಸಿ ಉಣಿಸಬಾರದು, ನೆಟ್ಟಗೆ ಕೂರಿಸಿ ಗಂಜಿಯನ್ನು ಸ್ವಲ್ಪ ಗಟ್ಟಿ ಮಾಡಿ ಚಿಕ್ಕ ಚಮಚದಲ್ಲಿ ಕೊಡಬೇಕು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ, ಮಗ್ಗುಲಿಗೆ ಹೊರಳಿಸಿ ಹೊತ್ತು ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಫಿಟ್ಸ್ ಮಾತ್ರೆಯನ್ನು ಕಡಿಮೆಯಾಯಿತೆಂದು ನಾವಾಗಿ ನಿಲ್ಲಿಸಬಾರದು. ಇಷ್ಟನ್ನು ಡಾಕ್ಟರುಗಳು ಹೇಳಿಲ್ಲವೆಂದಲ್ಲ. ಸಾಲಿನಲ್ಲಿ ನಿಂತು ಎರಡು ನಿಮಿಷ ಸಿಕ್ಕಾಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ಇನ್ನೊಬ್ಬ ತಾಯಿ ತನ್ನ ಮಗುವಿಗೆ ಮಾಡಿ ತೋರಿಸಿದರೆ ಹೋಗುತ್ತದೆ.

ಆಮೇಲೆ ಕಾಗದಪತ್ರದ ಮಾತು. ಯುಡಿಐಡಿ ಕಾರ್ಡು, ಪಿಂಚಣಿ, ನಿರಾಮಯ ವಿಮೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಕೊಡುವ ವಿಮೆ ಅದು. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾವೂ ಅಂಗವಿಕಲರೇ ಆಗಿ ಕಡಿಮೆ ಗೌರವಧನಕ್ಕೆ ದುಡಿಯುವವರು ಇವರಲ್ಲಿ ಹಲವರು. ಅವರನ್ನು ಬೈಯುವುದು ಸುಲಭ, ಅವರ ಜೊತೆ ಹೋಗಿ ಮೇಲಿನವರನ್ನು ಕೇಳುವುದು ಉಪಯೋಗ.

ಈ ಎರಡೂ ಮುಗಿದ ಮೇಲೆ, ಚಹಾ ಆದ ಮೇಲೆ, ಮೂರನೇ ಮಾತು ಬರುತ್ತದೆ. ದೇವರ ಸತ್ಯವಾಗಿ ಹೇಳುತ್ತೇನೆ, ಅದು ತಾನಾಗಿ ಬರುತ್ತದೆ, ಯಾರೂ ಕೇಳುವುದಿಲ್ಲ. "ಒಂದೊಂದ್ ಸಲ ಇದನ್ನೂ ಕಟ್ಕಂಡು ಬಾವಿಗೆ ಬೀಳಾಣ ಅನ್ಸುತ್ತೆ ಕಣಕ್ಕ." ಈ ಮಾತು ಆಡದ ತಾಯಿ ನಮ್ಮಲ್ಲಿ ಕಡಿಮೆ. ಮನೆಯಲ್ಲಿ ಆಡಿದರೆ ಬೈಗುಳ, ಆಸ್ಪತ್ರೆಯಲ್ಲಿ ಆಡಿದರೆ ಉಪದೇಶ. ಇಲ್ಲಿ ಆಡಿದರೆ ಇನ್ನೊಬ್ಬಳು, "ನಂಗೂ ಹೋದ ಶ್ರಾವಣದಾಗೆ ಹಂಗೇ ಆಗಿತ್ತು" ಎನ್ನುತ್ತಾಳೆ. ಆಮೇಲೆ ನೇರವಾಗಿ ಕೇಳುತ್ತೇವೆ: ಮನೆಯಲ್ಲಿ ಏನು ನಡೆಯಿತು, ಯಾರು ಏನೆಂದರು, ಇವತ್ತು ರಾತ್ರಿ ಮನೆಗೆ ಹೋಗಬಲ್ಲೆಯಾ. 14416 ಎಂಬ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಅದನ್ನು ಒತ್ತಿ ಕೊಡುತ್ತೇವೆ. ಮೂರು ದಿನ ಯಾರಾದರೂ ಒಬ್ಬರು ಹೋಗಿ ಬರುತ್ತೇವೆ.

"ಮಗುವಿನ ಅನಾರೋಗ್ಯದಿಂದ ಮನನೊಂದ ತಾಯಿ, ಮಗುವಿನೊಂದಿಗೆ ಆತ್ಮಹತ್ಯೆ." ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಇಂಥ ಸುದ್ದಿಯನ್ನು ನೀವೂ ಓದಿದ್ದೀರಿ. 'ಮನನೊಂದು' ಎಂಬ ಈ ಶಬ್ದ ನನಗೆ ಅನುಮಾನ ತರಿಸುತ್ತದೆ. ಎಂಬತ್ತು ತೊಂಬತ್ತರ ದಶಕದಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂದು ಬರೆಯುತ್ತಿದ್ದರು. ಅತ್ತೆಗೆ ಸಿಡಿಯದ ಸ್ಟೌ, ನಾದಿನಿಗೆ ಸಿಡಿಯದ ಸ್ಟೌ, ಸೊಸೆಗೇ ಏಕೆ ಸಿಡಿಯುತ್ತದೆ ಎಂದು ಕೇಳಿದವರು ನಾವು. ಆ ಪ್ರಶ್ನೆಯನ್ನು ಈಗ ಇಲ್ಲಿಯೂ ಕೇಳಬೇಕು. ಮಗುವಿನ ಕಾಯಿಲೆಗೆ ಅಪ್ಪನ ಮನಸ್ಸು ಏಕೆ ಅಷ್ಟು ನೋಯುವುದಿಲ್ಲ? ಮದುವೆಯಾಗಿ ಏಳು ವರ್ಷದೊಳಗಿನ ಸಾವಾದರೆ ವರದಕ್ಷಿಣೆ ಸಾವಿನ ಕಣ್ಣಿನಿಂದ ನೋಡಬೇಕೆಂದು ಕಾನೂನಿದೆ. ಅಂಗವಿಕಲ ಮಗುವಿದ್ದ ಮನೆಯಲ್ಲಿ ಮಾತ್ರ ಕಾರಣ ಮೊದಲೇ ಸಿದ್ಧವಾಗಿರುತ್ತದೆ, ಪಂಚನಾಮೆ ಬೇಗ ಮುಗಿಯುತ್ತದೆ. ಇನ್ನೊಂದನ್ನೂ ಹೇಳಿಬಿಡಬೇಕು: ಅಲ್ಲಿ ಸತ್ತವರು ಇಬ್ಬರು. ಆ ಮಗುವಿಗೂ ಬದುಕು ಬೇಕಿತ್ತು. ತಾಯಿಯ ಮೇಲಿನ ಕರುಣೆಯಲ್ಲಿ "ಅದಕ್ಕೂ ಬಿಡುಗಡೆಯಾಯಿತು" ಎನ್ನುವವರ ಜೊತೆ ನಾನಿಲ್ಲ.

'ನಿಮ್ಮ ಆರೋಗ್ಯ ನೋಡಿಕೊಳ್ಳಿ' ಎಂಬ ಬುದ್ಧಿಮಾತು ಈಗ ಎಲ್ಲ ಶಿಬಿರಗಳಲ್ಲೂ ಸಿಗುತ್ತದೆ. ಉಸಿರಾಟದ ವ್ಯಾಯಾಮ, ಧ್ಯಾನ, ನಗುನಗುತ್ತಾ ಇರಿ. ನೀವು ಗಟ್ಟಿಯಾಗಿದ್ದರೆ ತಾನೇ ಮಗು ಗಟ್ಟಿ. ಗಮನಿಸಿ, ಇಲ್ಲಿಯೂ ತಾಯಿಯ ಆರೋಗ್ಯ ಬೇಕಾಗಿರುವುದು ಮಗುವಿಗಾಗಿ. ಎತ್ತಿಗೆ ಹಿಂಡಿ ಹಾಕುವ ಹಾಗೆ. ಅವಳ ಸೊಂಟ ಅವಳದ್ದು, ನೋಯುವುದು ಅವಳಿಗೆ, ಅಷ್ಟೇ ಕಾರಣ ಸಾಲದೇ? ಇಪ್ಪತ್ತೈದು ಕೆಜಿಯ ಮಗುವನ್ನು ದಿನಕ್ಕೆ ಹತ್ತು ಸಲ ಎತ್ತಿ ಇಳಿಸುವವಳಿಗೆ ಧ್ಯಾನಕ್ಕಿಂತ ಮೊದಲು ಬೇಕಾದದ್ದು ಎತ್ತುವ ಇನ್ನೊಂದು ಜೊತೆ ಕೈ. ಒಂದು ರಾತ್ರಿಯ ಪೂರ್ತಿ ನಿದ್ದೆ. ತನ್ನ ಬಿಳಿಸೆರಗಿನ ತೊಂದರೆ ತೋರಿಸಲು ಆಸ್ಪತ್ರೆಗೆ ಹೋಗಿಬರುವಷ್ಟು ಹೊತ್ತು. ಎರಡು ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಆರೈಕೆಯ ಉಪದೇಶ ಮಾಡುವುದು, ಬಾವಿ ತೋರಿಸಿ ಹಗ್ಗ ಕೊಡದಂತೆ.

ನಾವು ಸರದಿ ಮಾಡಿಕೊಂಡಿದ್ದೇವೆ. ಹತ್ತಿರದ ಬೀದಿಗಳವರು ಇಬ್ಬಿಬ್ಬರು ಸೇರಿ ನಾಲ್ಕು ಮಕ್ಕಳನ್ನು ನೋಡಿಕೊಂಡರೆ ಉಳಿದಿಬ್ಬರಿಗೆ ಬಿಡುವು. ಬಿಡುವಿನಲ್ಲಿ ಏನು ಮಾಡಬೇಕೆಂದು ಗೊತ್ತಾಗದೆ ಒಬ್ಬಳು ಮೊದಲ ಸಲ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತು ಬಂದಳು. ಎಷ್ಟು ಚೆನ್ನಾಗಿತ್ತಕ್ಕಾ ಎಂದಳು. ಆದರೆ ಇದರಲ್ಲಿ ಮೋಸವೂ ಇದೆ. ಹೆಂಗಸರ ಬಿಟ್ಟಿ ದುಡಿಮೆಯನ್ನು ಹೆಂಗಸರೇ ಹಂಚಿಕೊಂಡಂತಾಯಿತು, ಗಂಡಸರು ಕಟ್ಟೆಯ ಮೇಲಿಂದ ಏಳಲಿಲ್ಲ. ಮೊಳಕಾಲ್ಮುರಿನ ಒಬ್ಬ ನೇಕಾರ ಮಗ್ಗದ ಗುಂಡಿಯ ಪಕ್ಕದಲ್ಲೇ ಮಗನ ಜೋಲಿ ಕಟ್ಟಿಕೊಂಡು ಒಂದು ಕಾಲಿನಲ್ಲಿ ತೂಗುತ್ತಾ ನೇಯುವುದನ್ನು ನೋಡಿದ್ದೇನೆ. ಅವನನ್ನು ಊರೇ ಹೊಗಳುತ್ತದೆ. ಅದೇ ಕೆಲಸ ಮಾಡುವ ಹೆಂಗಸನ್ನು ಹೊಗಳಿದವರನ್ನು ತೋರಿಸಿ.

ಕೂಸಿನ ಮನೆ ಎಂದು 2023ರಲ್ಲಿ ಸರ್ಕಾರ ಪಂಚಾಯ್ತಿಗಳಲ್ಲಿ ಶುರು ಮಾಡಿತು, ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ. ಒಳ್ಳೆಯ ಯೋಚನೆ. ಎಂಟು ವರ್ಷವಾದರೂ ಕೂರಲಾರದ ಮಗು ಕೂಸಲ್ಲವೇ? ಗ್ರಾಮ ಪಂಚಾಯ್ತಿ ತನ್ನ ಸ್ವಂತ ಸಂಪನ್ಮೂಲದ ಶೇಕಡ 5ನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿದೆ. ವಾಕಿಂಗ್ ಸ್ಟಿಕ್ಕು ಹಂಚಿ ಫೋಟೋ ತೆಗೆಸಿಕೊಳ್ಳುವ ಬದಲು ವಾರಕ್ಕೆರಡು ದಿನ ಒಂದು ಕೋಣೆ, ಸಂಬಳ ಪಡೆಯುವ ಒಬ್ಬ ಆಯಾ ಕೊಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೇ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬ ಮಾತೇ ಇದೆ. ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯಡಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಎಂದು ಗೊತ್ತು ಮಾಡಿದ್ದಾರೆ. ದೊಡ್ಡ ಮೊತ್ತವಲ್ಲ. ಆದರೆ ಮನೆಯಲ್ಲಿ ಕೂತು ಮಾಡುವುದೂ ಕೆಲಸವೆಂದು ಸರ್ಕಾರದ ಕಾಗದದಲ್ಲಿ ಬಂತಲ್ಲ.

ನಮ್ಮ ಮಹಿಳಾ ಸಂಘಟನೆಗಳಿಗೂ ಎರಡು ಮಾತು. ಹೊಡೆತ ತಾಳಲಾರದವಳಿಗೆ ಮನೆ ಬಿಟ್ಟು ಬಾ ಎನ್ನುತ್ತೇವೆ. ಎಲ್ಲಿಗೆ? ಆಶ್ರಯಕೇಂದ್ರಗಳಲ್ಲಿ ಜೊತೆಗಿರುವ ಗಂಡುಮಕ್ಕಳಿಗೆ ವಯಸ್ಸಿನ ಮಿತಿಯಿದೆ. ಹದಿನೈದು ವರ್ಷದ, ಮೀಸೆ ಮೂಡುತ್ತಿರುವ, ಬುದ್ಧಿಯಲ್ಲಿ ಮೂರು ವರ್ಷದ ಮಗನನ್ನು ಅವರು ಒಳಗೆ ಬಿಡುವುದಿಲ್ಲ. ಅವನನ್ನು ಒಂದು ಕಡೆ, ತಾಯಿಯನ್ನು ಒಂದು ಕಡೆ ಸೇರಿಸುತ್ತೇವೆ ಎನ್ನುತ್ತಾರೆ. ಅವಳು ತಿರುಗಿ ಗಂಡನ ಮನೆಗೇ ಹೋಗುತ್ತಾಳೆ. ಆಗ ನಾವು "ಅವಳಿಗೇ ಧೈರ್ಯವಿಲ್ಲ" ಎಂದು ಕಡತ ಮುಚ್ಚುತ್ತೇವೆ. ಕೌಟುಂಬಿಕ ಹಿಂಸೆ ಕಾಯಿದೆಯ 17 ಮತ್ತು 19ನೇ ಕಲಮು ಅದೇ ಮನೆಯಲ್ಲಿ ಇರುವ ಹಕ್ಕು ಕೊಡುತ್ತವೆ, ಬೇಕಾದರೆ ಗಂಡನನ್ನು ಹೊರಗೆ ಕಳಿಸಬಹುದು. ಇಂಥ ತಾಯಂದಿರ ಅರ್ಜಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನು. ಮಗು ಗುರುತು ಹಿಡಿದ ಗೋಡೆ, ಹಿಡಿದು ನಡೆಯುವ ಕಿಟಕಿ ಸರಳು ಆ ಮನೆಯಲ್ಲಿವೆ.

ಎರಡನೇ ಮಾತು ಕಷ್ಟದ್ದು, ನಮ್ಮ ಗುಂಪಿನಲ್ಲೇ ಜಗಳವಾದದ್ದು. ಹಿಂಸೆ ತಿಂದ ತಾಯಿ ಹಿಂಸೆ ಮಾಡುವುದಿಲ್ಲವೇ? 'ನಮ್ಮ ನಂತರ ಯಾರು' ಎಂಬ ಭಯದಲ್ಲಿ ಬುದ್ಧಿ ಬೆಳೆಯದ ಮಗನಿಗೆ ಮದುವೆ ಮಾಡುತ್ತಾರೆ. "ನಮಗೆ ವರದಕ್ಷಿಣೆ ಬೇಡ, ಉಟ್ಟ ಸೀರೆಯಲ್ಲಿ ಹುಡುಗಿ ಕೊಟ್ಟರೆ ಸಾಕು" ಎಂದರೆ ಊರಿನವರು ಎಷ್ಟು ಒಳ್ಳೆಯವರು ಎನ್ನುತ್ತಾರೆ. ತಂದೆಯಿಲ್ಲದ, ಬಡವರ ಮನೆಯ ಹುಡುಗಿಯೊಬ್ಬಳು ಸಂಬಳವಿಲ್ಲದ ದಾದಿಯಾಗಿ ಬರುತ್ತಾಳೆ. ವರದಕ್ಷಿಣೆ ಇಲ್ಲದ ಮದುವೆಯೆಲ್ಲ ಆದರ್ಶ ಮದುವೆಯಲ್ಲ. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಮಾನಸಿಕ ಸ್ಥಿತಿಯಿಂದ ಒಪ್ಪಿಗೆ ಕೊಡಲಾಗದವರ ಮದುವೆಯನ್ನು ರದ್ದು ಮಾಡಿಸಬಹುದು. ಆ ಹುಡುಗಿಗೆ ಅದನ್ನು ಹೇಳುವವರು ಯಾರು? ನಮ್ಮಲ್ಲಿ ಒಬ್ಬರು ಇಂಥ ಸಂಬಂಧ ನೋಡಲು ಹೊರಟಾಗ ಉಳಿದವರು ಎರಡು ಪಾಲಾದೆವು. "ನಾವು ಸತ್ ಮ್ಯಾಲೆ ಅವನನ್ನ ನೀನು ನೋಡ್ಕತೀಯಾ?" ಎಂದು ಆಕೆ ನನ್ನನ್ನೇ ಕೇಳಿದಳು. ಉತ್ತರ ಕೊಡದೆ ಬೇಡ ಎನ್ನುವ ಹಕ್ಕು ನಮಗಿಲ್ಲ. ಆದರೂ ಬೇಡ ಎಂದೆವು. ಮದುವೆ ನಿಂತಿದೆ. ಆಕೆ ಎರಡು ತಿಂಗಳು ಬರಲಿಲ್ಲ, ಈಗ ಬರುತ್ತಿದ್ದಾಳೆ. ಇನ್ನೊಂದು ಕಡೆ ಅಂಗವಿಕಲರನ್ನು ಮದುವೆಯಾದರೆ ಸರ್ಕಾರ ಕೊಡುವ 50,000 ರೂಪಾಯಿ ಪ್ರೋತ್ಸಾಹಧನ. ಅಂಗವಿಕಲ ಹುಡುಗಿಯ ಮದುವೆಯಲ್ಲಿ ಅದು ಮೊದಲೇ ಮಾತಾಗಿ ವರನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಾಗೆಯೇ ಹೆಣ್ಣುಮಕ್ಕಳ ಮುಟ್ಟು. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಆಶ್ರಯಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಗರ್ಭಕೋಶ ತೆಗೆದಾಗ ಮಹಿಳಾ ಸಂಘಟನೆಗಳು ಸಿಡಿದೆದ್ದವು. ಸರಿಯಾಗಿಯೇ ಎದ್ದವು. ಈಗಿನ ಕಾಯಿದೆಯೂ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆ ಕೂಡದು ಎನ್ನುತ್ತದೆ. ಆದರೆ ನಮ್ಮ ಗುಂಪಿನಲ್ಲಿ ಮೂವರು ತಾಯಂದಿರು ಅದೇ ಆಪರೇಶನ್ ಮಾಡಿಸಬೇಕೆಂದು ಡಾಕ್ಟರನ್ನು ಕೇಳಿದವರು. ಅವರು ಕ್ರೂರಿಗಳಲ್ಲ. ಮಗಳ ಬಟ್ಟೆ ಬದಲಿಸುವವರಿಲ್ಲ, ನೀರಿಲ್ಲ, ಕೂಲಿಗೆ ಹೋದಾಗ ಮನೆಯಲ್ಲಿ ಒಬ್ಬಳೇ ಇರುವ ಮಗಳ ಮೇಲೆ ಯಾರಾದರೂ ಬಿದ್ದರೆ ಎಂಬ ಭಯ. ಗರ್ಭಕೋಶ ತೆಗೆದರೆ ಬಸಿರು ತಪ್ಪೀತು, ಅತ್ಯಾಚಾರ ತಪ್ಪುತ್ತದೆಯೇ ಎಂದು ಕೇಳಿಕೊಂಡು ಒಂದು ಇಡೀ ಮಧ್ಯಾಹ್ನ ಕೂತಿದ್ದೆವು. ನನ್ನ ಮಗಳಿಗೆ ಬಟ್ಟೆ ಇಟ್ಟುಕೊಳ್ಳುವುದನ್ನು ಕಲಿಸಲು ಹದಿನಾಲ್ಕು ತಿಂಗಳು ಬೇಕಾಯಿತು ಎಂದು ನಾನು ಹೇಳಿದೆ. ಹೇಗೆ ಕಲಿಸಿದಿರಿ ಎಂದು ಒಬ್ಬಳು ಕೇಳಿದಳು. ಗೊಂಬೆಯೊಂದಿಗೆ, ಕ್ಯಾಲೆಂಡರಿನೊಂದಿಗೆ, ದಿನಾ ಅದೇ ಹೊತ್ತಿಗೆ.

1995ರಲ್ಲಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು 'ಪರಿವಾರ್' ಎಂಬ ಹೆತ್ತವರ ಸಂಘಗಳ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ನ್ಯಾಸ ಕಾಯಿದೆ ಬರುವುದರ ಹಿಂದೆ ಇಂಥ ತಂದೆತಾಯಂದಿರ ಒತ್ತಾಯವಿತ್ತು. ಅದರ ಬಹುಪಾಲು ಕೆಲಸ ಓದುಬರಹ ಬಲ್ಲ, ಪೇಟೆಯಲ್ಲಿರುವ ದಂಪತಿಗಳ ಕೈಯಲ್ಲಿ ಬೆಳೆಯಿತು. ದಂಪತಿಗಳು ಎಂದಲ್ಲವೇ? ಗಂಡ ಬಿಟ್ಟವಳು, ಗಂಡನ ಜೊತೆಗಿದ್ದೂ ಒಂಟಿಯಾದವಳು ಆ ಸಭೆಗಳಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ನಾವು ಇಲ್ಲಿ, ಬಿಸಿಲುಸೀಮೆಯಲ್ಲಿ ಕೂತು ಯೋಚಿಸುತ್ತಿದ್ದೇವೆ.

ನಮ್ಮ ರಾಜ್ಯದಲ್ಲಿ ಕೌಟುಂಬಿಕ ಹಿಂಸೆಯ ಸಂರಕ್ಷಣಾಧಿಕಾರಿಯೂ ಅಂಗನವಾಡಿಗಳ ಮೇಲಧಿಕಾರಿಯೂ ಒಬ್ಬರೇ, ತಾಲ್ಲೂಕಿನ ಸಿಡಿಪಿಒ. ಯಾವ ಮಗು ಕತ್ತು ನಿಲ್ಲಿಸಿಲ್ಲ, ಯಾವುದು ನಡೆದಿಲ್ಲ ಎಂಬುದು ಅವರ ಅಂಗನವಾಡಿ ಕಾರ್ಯಕರ್ತೆಗೆ ಎಲ್ಲರಿಗಿಂತ ಮೊದಲು ಗೊತ್ತು. ಆ ಮನೆಗೆ ಹೋದಾಗ ತಾಯಿಯನ್ನು ಪಕ್ಕಕ್ಕೆ ಕರೆದು "ನೀನು ಹೆಂಗಿದೀಯಮ್ಮ, ಮನೇಲಿ ಏನಂತಾರೆ?" ಎಂದು ಕೇಳಿ, ಕೇಳಿದ್ದನ್ನು ಬರೆದಿಡಲು ಒಂದು ಕಾಲಂ ಬೇಕು. ಅದಕ್ಕೆ ಹೊಸ ಕಾಯಿದೆ ಬೇಡ, ಹೊಸ ಹುದ್ದೆ ಬೇಡ. ಇದನ್ನು ಕೇಳಲು ನಾವು ಮುಂದಿನ ತಿಂಗಳು ಕಚೇರಿಗೆ ಹೋಗುತ್ತಿದ್ದೇವೆ. ಮಕ್ಕಳನ್ನು ಬಿಟ್ಟುಬರಲು ಜಾಗವಿಲ್ಲದ್ದರಿಂದ ಅವರನ್ನೂ ಕರೆದುಕೊಂಡೇ ಹೋಗುತ್ತೇವೆ. ಹನ್ನೊಂದು ಮಕ್ಕಳು, ಎರಡು ಗಾಲಿಕುರ್ಚಿ. ಕಚೇರಿಯ ಬಾಗಿಲಿಗೆ ಮೂರು ಮೆಟ್ಟಿಲಿವೆ, ಇಳಿಜಾರು ಇಲ್ಲ. ಅಕ್ಕಪಕ್ಕದ ತಾಲ್ಲೂಕಿನ ಗೆಳತಿಯರು ಬಂದರೆ ಎತ್ತಲು ಕೈಗಳಾಗುತ್ತವೆ.